ಬಿಸಿಲು–ಮಳೆ ಆಟದ ದಿನ ಟ್ರ್ಯಾಕ್‌ನಲ್ಲಿ ಹಗುರ ಕಾರು

ಪ್ರಶ್ನೆ: ಹಾಸನದಲ್ಲಿದ್ದೇನೆ. ನನ್ನ ಬಳಿ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇದೆ. 1.6 ಲೀಟರ್ ಎಂಜಿನ್, ಹಿಂದಿನ ಚಕ್ರಗಳಿಗೆ ಡ್ರೈವ್, ತೂಕ ಸಾವಿರ ಕೆ.ಜಿ.ಗೆ ಸ್ವಲ್ಪ ಕಡಿಮೆ. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಟ್ರ್ಯಾಕ್‌ಗೆಂದೇ 205 ಮಿ.ಮೀ. ಅಗಲದ ಸೆಮಿ-ಸ್ಲಿಕ್ (ಗೀರು ತೀರ ಕಡಿಮೆ ಇರುವ) ಟಯರ್ ಕೊಂಡಿದ್ದೇನೆ. ಅಕ್ಟೋಬರ್ ಕೊನೆಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ನನ್ನ ಮೊದಲ ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ), ದುಡ್ಡು ಕಟ್ಟಿಯಾಗಿದೆ. ಆ ಸಮಯದಲ್ಲಿ ಅಲ್ಲಿ ಮಳೆ ಬಂದು ಬಂದು ಹೋಗುತ್ತದೆ ಎನ್ನುತ್ತಾರೆ. ಇಷ್ಟು ಹಗುರದ ಕಾರು ಒದ್ದೆಯಲ್ಲಿ ನೆಲ ಹಿಡಿಯುತ್ತದೆಯೇ? ಟಯರ್, ಗಾಳಿ ಏನು ಮಾಡಬೇಕು? ಮಳೆ ಬಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್‌ನಲ್ಲಿ ಕೂರಬೇಕೋ, ಓಡಿಸಬೇಕೋ? ಶಿರಾಡಿ, ಚಾರ್ಮಾಡಿಗಳಲ್ಲಿ ಎಷ್ಟೋ ಮಳೆಗಾಲ ಓಡಿಸಿದ್ದೇನೆ, ಆ ಅಭ್ಯಾಸ ಸಾಲದೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಘಾಟಿಯ ಅಭ್ಯಾಸ ಕಣ್ಣಿಗೆ ಸಾಕು, ಕೈಕಾಲಿಗೆ ಸಾಲದು.

ನಮ್ಮ ಕಡೆಯವರಿಗೆ ಮಳೆ ಹೊಸದಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಹಿಡಿದವೆಂದರೆ ಸಕಲೇಶಪುರದಿಂದ ಕೆಳಗೆ ವಾರಗಟ್ಟಲೆ ರಸ್ತೆ ಒಣಗುವುದೇ ಇಲ್ಲ. ಆದರೆ ಆ ಜಡಿಮಳೆಯಲ್ಲಿ ಒಂದು ಅನುಕೂಲವಿದೆ, ಅದು ಬದಲಾಗುವುದಿಲ್ಲ. ಧೂಳು, ಎಣ್ಣೆ ಎಲ್ಲ ಎಂದೋ ತೊಳೆದುಹೋಗಿ ಡಾಂಬರು ಒಂದೇ ಹದಕ್ಕೆ ಬಂದಿರುತ್ತದೆ. ಗ್ರಿಪ್ ಕಡಿಮೆಯೇ, ಆದರೆ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ. ಚೆನ್ನೈ ಕಡೆಯ ಹಿಂಗಾರಿಗೆ ಆ ಶಿಸ್ತಿಲ್ಲ. ಅಕ್ಟೋಬರ್ ಕೊನೆಯೆಂದರೆ ಸ್ವಾತಿ ಮಳೆಯ ಕಾಲ. ಬೆಳಿಗ್ಗೆ ಬೆವರಿಳಿಸುವ ಬಿಸಿಲು, ಊಟದ ಹೊತ್ತಿಗೆ ಮೋಡ, ಇಪ್ಪತ್ತು ನಿಮಿಷ ಧೋ ಎಂದು ಸುರಿದು ಮತ್ತೆ ಬಿಸಿಲು. ಆ ಟ್ರ್ಯಾಕ್‌ನ ಉದ್ದ 3.717 ಕಿ.ಮೀ.; ಒಂದು ತುದಿ ನೆನೆದು ಇನ್ನೊಂದು ತುದಿ ಒಣಗಿರುವುದೂ ಉಂಟು. ಅದಕ್ಕೆ ಹತ್ತಿರದ ಅನುಭವ ನಮ್ಮಲ್ಲಿ ಹುಡುಕಿದರೆ ಜುಲೈನಲ್ಲಿ ಸಿಗುವುದಿಲ್ಲ, ಮಾರ್ಚ್–ಏಪ್ರಿಲ್‌ನ ಹೂಮಳೆಯ ಮೊದಲ ಹತ್ತು ನಿಮಿಷದಲ್ಲಿ ಸಿಗುತ್ತದೆ. ಕಾಫಿ ತೋಟದವರೆಲ್ಲ ಖುಷಿಯಲ್ಲಿರುವ ಆ ಹತ್ತು ನಿಮಿಷ ಬೇಲೂರು ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ಏನಾಗುತ್ತದೆಂದು ನೀವು ನೋಡಿರುತ್ತೀರಿ. ತಿಂಗಳುಗಟ್ಟಲೆ ಕೂತ ಧೂಳು, ಡೀಸೆಲ್, ಟಯರ್ ಪುಡಿ ನೀರಿನ ಜೊತೆ ಕಲಸಿ ಮೇಲೆ ತೇಲುತ್ತವೆ. ಜೋರಾಗಿ ಸುರಿದು ಅದನ್ನು ಕೊಚ್ಚಿಕೊಂಡು ಹೋಗುವವರೆಗೆ ರಸ್ತೆಯನ್ನು ನಂಬುವಂತಿಲ್ಲ.

ಆದ್ದರಿಂದ ಪಿಟ್‌ನಲ್ಲಿ ಕೂರಬೇಕೋ ಬೇಡವೋ ಎಂಬುದಕ್ಕೆ ನನ್ನ ಲೆಕ್ಕ ಹೀಗಿದೆ. ಹನಿ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಒಳಗೆ ಬನ್ನಿ, ಕಾಫಿ ಕುಡಿಯಿರಿ. ಮಳೆ ಸರಿಯಾಗಿ ಹಿಡಿದ ಮೇಲೆ ಹೊರಡಿ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ತುಂತುರಿನಲ್ಲಿ ‘ಇನ್ನೊಂದು ಸುತ್ತು’ ಎಂದು ಓಡಿಸಿ, ಸುರಿಯಲು ತೊಡಗಿದಾಗ ಒಳಗೆ ಬಂದು ಸಂಜೆವರೆಗೆ ಹೊರಗೆ ಹೋಗುವುದಿಲ್ಲ. ಹಾಗಾಗಿ ಸುರಿಯುವ ಹೊತ್ತಿಗೆ ಟ್ರ್ಯಾಕ್ ಖಾಲಿ ಇರುತ್ತದೆ, ವೇಗ ಕಡಿಮೆ ಇರುತ್ತದೆ, ಟಯರ್ ಸವೆಯುವುದಿಲ್ಲ, ಬ್ರೇಕ್ ಬಿಸಿಯಾಗುವುದಿಲ್ಲ. ಹಗುರ ಕಾರಿನವನಿಗೆ ಅಷ್ಟು ಅಗ್ಗದ ಪಾಠ ಬೇರೆ ಸಿಗದು.

ಇನ್ನು ಹಗುರ ಕಾರು ನೆಲ ಹಿಡಿಯುತ್ತದೆಯೇ ಎಂಬ ಪ್ರಶ್ನೆ. ತೂಕವಿದ್ದರೆ ಕಾರು ನೆಲಕ್ಕೆ ಒತ್ತಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಜೀಪಿನಲ್ಲಿ ಬೆಳೆದ ಊರಲ್ಲವೇ ನಮ್ಮದು. ತೂಕ ಹೆಚ್ಚಾದರೆ ಟಯರ್ ಹಿಡಿತ ಹೆಚ್ಚುವುದು ನಿಜ. ಆದರೆ ತಿರುವಿನಲ್ಲಿ ಹಿಡಿದಿಡಬೇಕಾದ ತೂಕವೂ ಅಷ್ಟೇ ಹೆಚ್ಚಿರುತ್ತದೆ. ಅದೂ ಅಲ್ಲದೆ ರಬ್ಬರಿನ ಗುಣವೆಂದರೆ, ಭಾರ ಏರಿದಷ್ಟೂ ಕೆ.ಜಿ. ಲೆಕ್ಕದಲ್ಲಿ ಸಿಗುವ ಹಿಡಿತ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಒಣ ರಸ್ತೆಯಲ್ಲಿ ಹಗುರ ಕಾರು ತಿರುವುಗಳಲ್ಲಿ ಗೆಲ್ಲುವುದು ಇದರಿಂದಲೇ. ಒದ್ದೆಯಲ್ಲೂ, ನೀರು ನಿಲ್ಲದ ಕಡೆ, ಅದಕ್ಕೆ ಮೋಸವಿಲ್ಲ. ಜಾರುವುದನ್ನು ಮೊದಲೇ ತಿಳಿಸುತ್ತದೆ, ಜಾರಿದರೂ ಹಿಡಿದು ತರಲು ಕಡಿಮೆ ಜಾಗ ಸಾಕು.

ಮೋಸ ಎರಡು ಕಡೆ ಇದೆ. ಒಂದು ಶಾಖ. ಟಯರ್ ಬಿಸಿಯಾಗುವುದು ಅದರ ಮೇಲೆ ಬೀಳುವ ಕೆಲಸದಿಂದ. ಹಗುರ ಕಾರು ಟಯರಿಗೆ ಕಡಿಮೆ ಕೆಲಸ ಕೊಡುತ್ತದೆ, ಮಳೆನೀರು ಇರುವ ಶಾಖವನ್ನೂ ಕದಿಯುತ್ತದೆ. ಭಾರದ ಕಾರಿನವನು ಒಂದೂವರೆ ಸುತ್ತಿನಲ್ಲಿ ಬೆಚ್ಚಗೆ ಮಾಡುವ ಸೆಮಿ-ಸ್ಲಿಕ್ ನಿಮ್ಮ ಕಾರಿನಲ್ಲಿ ಇಡೀ ಸೆಷನ್ ತಣ್ಣಗೇ ಇರಬಹುದು. ಎರಡನೆಯದು ನಿಂತ ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಟಯರ್ ನೆಲ ಮುಟ್ಟುವ ಜಾಗದ ವಿಸ್ತೀರ್ಣವನ್ನು ಒರಟಾಗಿ ನಿರ್ಧರಿಸುವುದು ಎರಡೇ, ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿ. ನಿಮ್ಮನ್ನೂ ಸೇರಿಸಿ ಕಾರು 1,020 ಕೆ.ಜಿ. ಎಂದುಕೊಳ್ಳಿ. ಒಂದು ಚಕ್ರಕ್ಕೆ 255 ಕೆ.ಜಿ.; ಗಾಳಿ 28 ಪಿಎಸ್‌ಐ, ಅಂದರೆ ಚದರ ಸೆಂ.ಮೀ.ಗೆ ಸುಮಾರು 2 ಕೆ.ಜಿ. ನೆಲ ಮುಟ್ಟುವ ಜಾಗ ಅಂದಾಜು 130 ಚದರ ಸೆಂ.ಮೀ. ಟಯರ್ ಅಗಲ ಮಾಡಿದರೆ ಈ ವಿಸ್ತೀರ್ಣ ಹೆಚ್ಚುವುದಿಲ್ಲ, ಆಕಾರ ಬದಲಾಗುತ್ತದೆ ಅಷ್ಟೆ. ನಿಮ್ಮ ಕಾರಿನ ಜೊತೆ ಕಾರ್ಖಾನೆಯಿಂದ ಬಂದದ್ದು 185/60 ಆರ್14. ಅದರಲ್ಲಿ ಈ ಜಾಗ ಹೆಚ್ಚುಕಡಿಮೆ 7 ಸೆಂ.ಮೀ. ಉದ್ದವಿದ್ದರೆ 205ರಲ್ಲಿ ಆರು ಚಿಲ್ಲರೆಗೆ ಇಳಿಯುತ್ತದೆ. ನೀರಿಗೆ ಇಷ್ಟವಾಗುವುದು ಈ ಗಿಡ್ಡ, ಅಗಲ ಆಕಾರವೇ. ಎದುರು ನೀರು ಹೆಚ್ಚು, ಅದನ್ನು ಹಿಂಡಿ ಹೊರಗೆ ಕಳಿಸಲು ಸಿಗುವ ಉದ್ದ ಕಡಿಮೆ. ಸೆಮಿ-ಸ್ಲಿಕ್‌ನಲ್ಲಿ ನೀರು ಹೋಗುವ ಕಾಲುವೆಗಳೂ ಬೆರಳೆಣಿಕೆ.

ನೀರಿನ ಮೇಲೆ ತೇಲುವ ವೇಗಕ್ಕೆ 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳಿಗಾಗಿ ಒಂದು ಸರಳ ಲೆಕ್ಕ ಕೊಟ್ಟರು. ಪಿಎಸ್‌ಐನ ವರ್ಗಮೂಲವನ್ನು 9ರಿಂದ ಗುಣಿಸಿದರೆ ಆ ವೇಗ ನಾಟ್‌ಗಳಲ್ಲಿ ಬರುತ್ತದೆ. ಕಿ.ಮೀ.ಗೆ ತಂದರೆ 22 ಪಿಎಸ್‌ಐಗೆ ಗಂಟೆಗೆ 78, 28ಕ್ಕೆ 88, 32ಕ್ಕೆ 94. ಒಳ್ಳೆಯ ಗೀರಿರುವ ಕಾರಿನ ಟಯರಿಗೆ, ತೆಳುವಾದ ನೀರಿಗೆ ಇದು ಹಾಗೇ ಹೊಂದುವುದಿಲ್ಲ. ಆದರೂ ಎರಡು ವಿಷಯ ಗಮನಿಸಿ. ಗಾಳಿ ಕಡಿಮೆಯಾದಷ್ಟೂ ಬೇಗ ತೇಲುತ್ತೀರಿ. ಮತ್ತು ಸ್ಟ್ರೈಟ್ (ಟ್ರ್ಯಾಕ್‌ನ ಉದ್ದನೆಯ ನೇರ ಭಾಗ) ಕೊನೆಯಲ್ಲಿ ನೀವು ಹೋಗುವ ವೇಗಕ್ಕೆ, ನೀರು ಆಳವಾಗಿ ನಿಂತಿದ್ದರೆ, ಯಾವ ಗಾಳಿಯೂ ಸಾಲದು. ಅಲ್ಲಿ ಉಳಿಸುವುದು ಬಲಗಾಲು ಮಾತ್ರ.

ಗಾಳಿಯ ಮಾತು ಬಂದಿತು, ಹಾಸನದವರಿಗೆಂದೇ ಒಂದು ವಿಶೇಷವಿದೆ. ಟಯರ್ ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಚಿಕ್ಕಮಗಳೂರು 1,000 ಮೀಟರ್ ದಾಟುತ್ತದೆ. ಇರುಂಗಾಟ್ಟುಕೋಟೈ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಕೆಳಗಿಳಿದಾಗ ಹೊರಗಿನ ಒತ್ತಡ ಏರಿ, ಒಳಗಿನ ಗಾಳಿ ಒಂದಿಷ್ಟೂ ಹೋಗದೆಯೇ ಗೇಜ್ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಅದೇ ಹೊತ್ತಿಗೆ 18 ಡಿಗ್ರಿಯ ಹಾಸನದ ಬೆಳಗಿನಿಂದ 33 ಡಿಗ್ರಿಯ ಚೆನ್ನೈ ಮಧ್ಯಾಹ್ನಕ್ಕೆ ಬಂದಿದ್ದರಿಂದ ಎರಡು ಪಿಎಸ್‌ಐ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಹೊಡೆದುಹಾಕಿ ಎಲ್ಲ ಸರಿಯಿದೆ ಎಂದು ಕಾಣುತ್ತದೆ. ಮಳೆ ಬಂದು ಟ್ರ್ಯಾಕ್ 24 ಡಿಗ್ರಿಗೆ ತಣಿದರೆ ಆ ಎರಡರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಆದ್ದರಿಂದ ಊರಿನ ಬಂಕಿನ ಗೇಜ್ ಓದನ್ನು ಮರೆತುಬಿಡಿ. ಒಂದು ಒಳ್ಳೆಯ ಗೇಜ್, ಒಂದು ಸಣ್ಣ ಪಂಪ್ ನಿಮ್ಮದೇ ಇರಲಿ. ಅಲ್ಲಿಗೆ ಹೋದ ಮೇಲೆ, ಕಾರು ನೆರಳಿನಲ್ಲಿ ಒಂದು ಗಂಟೆ ನಿಂತ ಮೇಲೆ ಅಳೆಯಿರಿ. (ಇಳಿದದ್ದರಿಂದ ಒಂದು ಲಾಭವೂ ಇದೆ. ಟರ್ಬೊ ಇಲ್ಲದ ನಿಮ್ಮ ಎಂಜಿನ್‌ಗೆ ಅಲ್ಲಿ ಐದಾರು ಶೇಕಡ ಹೆಚ್ಚು ಗಾಳಿ ಸಿಗುತ್ತದೆ. ಸ್ಟ್ರೈಟ್ ಕೊನೆಯಲ್ಲಿ ನೀವು ಎಣಿಸಿದ್ದಕ್ಕಿಂತ ಸ್ವಲ್ಪ ವೇಗವಾಗಿಯೇ ಇರುತ್ತೀರಿ.)

ಎಷ್ಟು ಹಾಕಬೇಕು? ಟ್ರ್ಯಾಕ್‌ನಲ್ಲಿ ನಮಗೆ ಬೇಕಾದದ್ದು ಬಿಸಿಯಾದಾಗಿನ ಓದು. ಈ ತೂಕದ ಕಾರಿಗೆ ಸಾಮಾನ್ಯ ರಸ್ತೆ ಟಯರ್‌ನಲ್ಲಿ ಬಿಸಿ ಓದು 28ರಿಂದ 30ರ ನಡುವೆ ಇರಲಿ ಎಂದು ಶುರು ಮಾಡುವುದು ಕ್ಷೇಮ. ಒಣಗಿದ್ದಾಗ ನಾಲ್ಕೈದು ಪಿಎಸ್‌ಐ ತಾನೇ ಏರುತ್ತದೆ, ಹಾಗಾಗಿ ತಣ್ಣಗಿರುವಾಗ 24–25 ಇಟ್ಟು ಹೊರಡುತ್ತಾರೆ. ಮಳೆಯಲ್ಲಿ ಆ ಏರಿಕೆ ಒಂದು, ಹೆಚ್ಚೆಂದರೆ ಎರಡು. ಅದೇ 24ರಲ್ಲಿ ಹೊರಟವನು ಇಡೀ ಸೆಷನ್ 25ರಲ್ಲೇ ತೇಲುತ್ತಾ ಬರುತ್ತಾನೆ. ಆದ್ದರಿಂದ ಮಳೆ ಹಿಡಿದರೆ ಮೂರು ನಾಲ್ಕು ಪಿಎಸ್‌ಐ ಸೇರಿಸಿ. ಟ್ರ್ಯಾಕ್ ಒಣಗುತ್ತಾ ಬಂದರೆ ಒಳಗೆ ಬಂದು ಬಿಸಿಯಲ್ಲೇ ಅಳೆದು ಹೆಚ್ಚಾದದ್ದನ್ನು ಬಿಡಿ. ಒದ್ದೆಗೆ ಗಾಳಿ ಇಳಿಸಬೇಕು ಎಂಬ ಸಲಹೆಯನ್ನು ಪಿಟ್‌ನಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬರೀ ತೇವವಿದ್ದು ನೀರು ನಿಲ್ಲದಿದ್ದರೆ, ಟಯರಿಗೆ ಶಾಖ ಹುಟ್ಟಿಸಲು ಅದಕ್ಕೊಂದು ಅರ್ಥವಿದೆ. ಕೆಸರು, ಮರಳಿನಲ್ಲಿ ಜೀಪ್ ಓಡಿಸುವವರ ಗಾಳಿ ಇಳಿಸುವ ಲೆಕ್ಕವನ್ನು ಡಾಂಬರಿನ ಮೇಲೆ ನಿಂತ ನೀರಿಗೆ ತರಬೇಡಿ.

ಟಯರ್ ಬಗ್ಗೆ ನನ್ನ ತೀರ್ಮಾನ ನಿಮಗೆ ರುಚಿಸದಿರಬಹುದು. ಈ ಸಲಕ್ಕೆ ಸೆಮಿ-ಸ್ಲಿಕ್ ಮನೆಯಲ್ಲೇ ಇರಲಿ. ನಾಲ್ಕು ಚಕ್ರ ಬದಲಿಸಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮಳೆಯೂ ನಿಂತಿರುತ್ತದೆ, ಸೆಷನ್ನೂ ಮುಗಿದಿರುತ್ತದೆ. ಬದಲಾಗುವ ಹವೆಯಲ್ಲಿ, ಒಂದರಲ್ಲಿ ಶೂರನಾಗಿ ಇನ್ನೊಂದರಲ್ಲಿ ಕೈಕೊಡುವ ಟಯರಿಗಿಂತ ಎರಡರಲ್ಲೂ ಸುಮಾರಾಗಿ ನಡೆಯುವ ಟಯರ್ ಮೇಲು. ಒಳ್ಳೆಯ ರಸ್ತೆ ಟಯರ್ ತಣ್ಣಗಿದ್ದರೂ ಕೆಲಸ ಮಾಡುತ್ತದೆ, ಬಿಡುವ ಮುಂಚೆ ಕಿರುಚಿ ಹೇಳುತ್ತದೆ. ಗೀರಿನ ಆಳ ನೋಡಿಕೊಳ್ಳಿ: ನಮ್ಮ ಕಾನೂನು ಕೇಳುವುದು 1.6 ಮಿ.ಮೀ.; ಮಳೆಯ ಟ್ರ್ಯಾಕ್‌ಗೆ 4 ಮಿ.ಮೀ.ಗಿಂತ ಕಡಿಮೆ ಇರುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕೂ ಒಂದೇ ಮಾಡೆಲ್ ಆಗಿರಲಿ. ಎರಡು ಹೊಸದಾಗಿ ಎರಡು ಹಳೆಯದಾಗಿದ್ದರೆ ಹೊಸವು ಹಿಂದಕ್ಕೆ ಹೋಗಬೇಕು. ಮುಂದಿನವು ಜಾರಿದರೆ ಕಾರು ನೇರ ಹೋಗುತ್ತದೆ, ಹಿಂದಿನವು ಜಾರಿದರೆ ಗಿರಕಿ ಹೊಡೆಯುತ್ತದೆ.

ಈಗ ಓಡಿಸುವ ವಿಷಯ. ಒದ್ದೆಯಲ್ಲಿ ತಿರುವಿಗೆ ಹೆದರುವವರು ಬ್ರೇಕಿಗೆ ಸಾಕಷ್ಟು ಹೆದರುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಣಗಿದಾಗಿನ ಗ್ರಿಪ್ 1 ಎಂದಿಟ್ಟುಕೊಂಡರೆ ಒದ್ದೆಯಲ್ಲಿ 0.6 ಸಿಗುತ್ತದೆನ್ನಿ. ತಿರುವಿನ ವೇಗ ಗ್ರಿಪ್‌ನ ವರ್ಗಮೂಲದ ಮೇಲೆ ನಿಂತಿದೆ. 100ರಲ್ಲಿ ಹೋಗುತ್ತಿದ್ದ ತಿರುವಿನಲ್ಲಿ 77 ಹೋಗಬಹುದು, ಅಷ್ಟೇನೂ ಕೆಟ್ಟದಲ್ಲ. ಆದರೆ ಬ್ರೇಕ್ ದೂರ ನೇರವಾಗಿ ಏರುತ್ತದೆ. 140ರಿಂದ ನಿಲ್ಲಲು ಒಣಗಿದ್ದಾಗ 77 ಮೀಟರ್, ಒದ್ದೆಯಲ್ಲಿ 128. ಹನಿ ಬಿದ್ದ ಮೊದಲ ನಿಮಿಷಗಳ ಜಿಡ್ಡಿನಲ್ಲಿ ಗ್ರಿಪ್ 0.4ಕ್ಕೆ ಇಳಿದರೆ 190 ದಾಟುತ್ತದೆ. ಒಣಗಿದ್ದಾಗಿನ ಬ್ರೇಕ್ ಗುರುತನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಸಾಲದು ಎನ್ನುವುದು ಇದಕ್ಕೇ. ಸ್ಟ್ರೈಟ್ ಮುಗಿದ ಕೂಡಲೇ ಬರುವ ವೇಗದ ಬಲ ತಿರುವಿಗೆ ಮೊದಲ ಒದ್ದೆ ಸುತ್ತಿನಲ್ಲಿ ನಾಚಿಕೆಯಾಗುವಷ್ಟು ಬೇಗ ಬ್ರೇಕ್ ಹಿಡಿಯಿರಿ, ಅಲ್ಲಿಂದ ಸುತ್ತಿಗೆ ಸುತ್ತು ಮುಂದೆ ತನ್ನಿ.

ಎಬಿಎಸ್ ಇಲ್ಲವಾದ್ದರಿಂದ ಪೆಡಲನ್ನು ಒದೆಯಬೇಡಿ, ಹಿಂಡಿ. ಮೊದಲು ಮೆಲ್ಲಗೆ ಒತ್ತಿ ತೂಕ ಮುಂದಿನ ಚಕ್ರಗಳಿಗೆ ಬರಲು ಬಿಡಿ, ಆಮೇಲೆ ಗಟ್ಟಿ ಮಾಡಿ. ಚಕ್ರ ಲಾಕ್ ಆದರೆ ಸ್ಟೇರಿಂಗ್ ಹಗುರಾಗಿ ಸತ್ತಂತಾಗುತ್ತದೆ. ಬಿಟ್ಟು ಮತ್ತೆ ಒತ್ತಬೇಕು. ಘಾಟಿ ಇಳಿಯುವಾಗ ಗೇರ್‌ನಲ್ಲೇ ವೇಗ ಹಿಡಿದಿಡುವ ಅಭ್ಯಾಸ ನಮಗೆಲ್ಲ ಇದೆ, ಅಲ್ಲಿ ಅದು ಸರಿ ಕೂಡ. ಟ್ರ್ಯಾಕ್‌ನಲ್ಲಿ ಒದ್ದೆ ತಿರುವಿನ ಬಾಯಲ್ಲಿ ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ ಸಡನ್ನಾಗಿ ಬಿಟ್ಟರೆ ಎಂಜಿನ್ ಬ್ರೇಕ್ ಬರೀ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಹೀಲ್ ಅಂಡ್ ಟೋ (ಬಲಗಾಲಲ್ಲಿ ಬ್ರೇಕ್ ಒತ್ತಿರುವಾಗಲೇ ಅದೇ ಕಾಲಲ್ಲಿ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವುದು) ಬಂದರೆ ಮಾಡಿ. ಬಾರದಿದ್ದರೆ ಮೂರರಲ್ಲೇ ಹೋಗಿ, ಏನೂ ಮುಳುಗುವುದಿಲ್ಲ. ಎತ್ತರದ ಗೇರ್‌ನಲ್ಲಿ ಆಕ್ಸಿಲರೇಟರ್ ತಪ್ಪೂ ಮೆತ್ತಗಾಗುತ್ತದೆ.

ಘಾಟಿಯ ಇನ್ನೊಂದು ಅಭ್ಯಾಸ, ತಿರುವಿನ ಒಳಗೆ ಗಾಬರಿಯಾದರೆ ಕಾಲು ತೆಗೆಯುವುದು. ಹಿಂದಿನ ಚಕ್ರದ ಡ್ರೈವಿನ ಹಗುರ ಕಾರಿನಲ್ಲಿ ಇದೇ ದೊಡ್ಡ ಶತ್ರು. ಕಾಲು ತೆಗೆದ ಕ್ಷಣ ತೂಕ ಮುಂದಕ್ಕೆ ಓಡಿ ಹಿಂಭಾಗ ಬರಿದಾಗುತ್ತದೆ. ನಿಮ್ಮ ಕಾರಿನಲ್ಲಿ ತೂಕ ಹಿಂದೆ ಮುಂದೆ ಹೆಚ್ಚುಕಡಿಮೆ ಸಮವಾಗಿರುವುದರಿಂದ ಅದು ನಿಧಾನಕ್ಕೆ ತಿರುಗುತ್ತದೆ, ಹಿಡಿಯಲು ಸಮಯ ಸಿಗುತ್ತದೆ. ಲೋಟಸ್ ಎಲೀಸ್‌ನಂಥ ಕಾರು ಅಲ್ಲಿಗೆ ಬಂದು ಯಾರಾದರೂ ಓಡಿಸಲು ಕೊಟ್ಟರೆ ಇದೇ ಧೈರ್ಯ ತೋರಿಸಬೇಡಿ. 1996ರಲ್ಲಿ ಬಂದ ಮೊದಲ ಎಲೀಸ್ 725 ಕೆ.ಜಿ. ಆಸುಪಾಸು, ಎಂಜಿನ್ ಬೆನ್ನ ಹಿಂದೆ. ಅಂಥ ಕಾರು ಬಹಳ ಹೊತ್ತು ಹಿಡಿದಿರುತ್ತದೆ, ಬಿಟ್ಟರೆ ಥಟ್ಟನೆ ಬಿಡುತ್ತದೆ. ಒದ್ದೆಯಲ್ಲಿ ಅದರ ಮೂಗು ಹಗುರವಾದ್ದರಿಂದ ಮೊದಲು ನೇರ ಹೋಗುತ್ತದೆ, ಓಡಿಸುವವನು ಇನ್ನೂ ಸ್ಟೇರಿಂಗ್ ತಿರುಗಿಸುತ್ತಾನೆ, ಹೆದರಿ ಕಾಲು ತೆಗೆಯುತ್ತಾನೆ. ಮುಂದಿನ ಟಯರ್ ಹಠಾತ್ತನೆ ಹಿಡಿಯುತ್ತದೆ, ಹಿಂಭಾಗ ಮುಂದೆ ಬರುತ್ತದೆ.

ಲೈನ್, ಅಂದರೆ ಕಾರು ಹಿಡಿಯುವ ದಾರಿಯ ವಿಷಯದಲ್ಲಿ ಟ್ರ್ಯಾಕ್ ಘಾಟಿಗಿಂತ ಪೂರ್ತಿ ಬೇರೆ. ಒಣಗಿದ್ದಾಗ ಎಲ್ಲರೂ ಹೋಗಿ ಹೋಗಿ ರಬ್ಬರ್ ಮೆತ್ತಿದ ಕಪ್ಪು ದಾರಿ ಅತ್ಯುತ್ತಮ ಗ್ರಿಪ್ ಕೊಡುತ್ತದೆ. ನೀರು ಬಿದ್ದ ಕೂಡಲೇ ಅದೇ ದಾರಿ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಂತಾಗುತ್ತದೆ. ಲಕ್ಷಾಂತರ ಸಲ ಉಜ್ಜಿದ್ದರಿಂದ ಅಲ್ಲಿನ ಜಲ್ಲಿಯ ಮೊನೆಗಳೂ ನುಣುಪಾಗಿರುತ್ತವೆ. ಮಳೆಯಲ್ಲಿ ಆ ದಾರಿ ಬಿಟ್ಟು ಹೋಗಬೇಕು. ಬ್ರೇಕ್ ಹಿಡಿಯುವಾಗ ಒಂದು ಕಾರಿನ ಅಗಲದಷ್ಟು ಪಕ್ಕಕ್ಕೆ ಸರಿಯಿರಿ. ತಿರುವಿನ ಹೊರಗಡೆ, ಯಾರೂ ಉಜ್ಜದ ಒರಟು ಡಾಂಬರಿನ ಮೇಲೆ ಸುತ್ತು ಹಾಕಿ ಬನ್ನಿ. ಕಪ್ಪು ದಾರಿಯನ್ನು ದಾಟಲೇಬೇಕಾದಲ್ಲಿ ಸ್ಟೇರಿಂಗ್ ಸಾಧ್ಯವಾದಷ್ಟು ನೇರ ಇಟ್ಟು ದಾಟಿ. ಅಂಚಿನಲ್ಲಿ ಬಣ್ಣ ಬಳಿದ ಕರ್ಬ್‌ಗಳನ್ನು, ಬಿಳಿ ಗೆರೆಗಳನ್ನು ಮುಟ್ಟಬೇಡಿ. ದಾರಿ ಉದ್ದವಾಯಿತು, ಗಣಿತಕ್ಕೆ ತಪ್ಪಾಗಿ ಕಾಣುತ್ತದೆ, ಆದರೂ ಸಮಯ ಅಲ್ಲೇ ಸಿಗುತ್ತದೆ. ಎಲ್ಲಾ ತಿರುವಿಗೂ ಇದು ಹೊಂದುವುದಿಲ್ಲ. ಹೊರಗಡೆ ತಗ್ಗಿದ್ದು ನೀರು ನಿಂತರೆ ಒಳಗೇ ಹೋಗಬೇಕು. ಯಾವುದು ಯಾವುದಕ್ಕೆಂದು ಸೆಷನ್‌ನ ಮೊದಲ ಎರಡು ಸುತ್ತಿನಲ್ಲಿ ನಿಧಾನಕ್ಕೆ ಹೋಗಿ ಹುಡುಕಿ. ಸ್ಟ್ರೈಟ್‌ನಲ್ಲಿ, ಹಿಂದೆ ಯಾರೂ ಇಲ್ಲದಾಗ, ಬ್ರೇಕನ್ನು ಮೆಲ್ಲಗೆ ಒತ್ತಿ ಎಷ್ಟು ಹಿಡಿಯುತ್ತದೆ ನೋಡಿ.

ನಮ್ಮ ಚಿಕ್ಕಮಗಳೂರಿನ ತೋಟಗಳ ನಡುವೆ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತ ಸುತ್ತು ನಡೆದಾಗ ಬಂದವರು ಮೊದಲು ಮಾಡುತ್ತಿದ್ದದ್ದು ದಾರಿ ನೋಡಿ ಬರುವುದು, ನೋಟ್ಸ್ ಬರೆಯುವುದು. ಟ್ರ್ಯಾಕ್‌ಗೆ ಹೋಗುವವರು ಇದನ್ನು ಕಲಿಯಬೇಕು. ಹಿಂದಿನ ಸಂಜೆ ಅಥವಾ ಬೆಳಿಗ್ಗೆ ಬೇಗ, ಆಯೋಜಕರು ಬಿಟ್ಟರೆ, ನಡೆದು ನೋಡಿ. ಟ್ರ್ಯಾಕ್‌ನ ನಕ್ಷೆ ಕಾಗದದಲ್ಲಿ ಬರೆದುಕೊಂಡು ತಗ್ಗು ಎಲ್ಲಿ, ಇಳಿಜಾರಿನ ನೀರು ಎಲ್ಲಿ ಅಡ್ಡ ಹರಿಯುತ್ತದೆ, ಕೆಮ್ಮಣ್ಣು ಎಲ್ಲಿ ಅಂಚಿಗೆ ಬಂದಿದೆ ಗುರುತು ಹಾಕಿ. ಮಳೆ ಪ್ರತಿ ಸಲ ಬಂದಾಗಲೂ ನೀರು ಅಲ್ಲಲ್ಲೇ ನಿಲ್ಲುತ್ತದೆ. ಅಲ್ಲಿ ಚಕ್ರ ತೇಲಿತೆನ್ನಿ: ಬ್ರೇಕ್ ಬೇಡ, ಸ್ಟೇರಿಂಗ್ ತಿರುಗಿಸುವುದು ಬೇಡ, ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ ಕಾಯಿರಿ. ನೀರಿನ ಮೇಲಿದ್ದಾಗ ತಿರುಗಿಸಿಟ್ಟ ಚಕ್ರ ಆಚೆ ನೆಲ ಸಿಕ್ಕ ಕ್ಷಣ ಆ ಕಡೆಗೇ ಕಾರನ್ನು ಎಸೆಯುತ್ತದೆ. ಕಾರು ಪೂರ್ತಿ ಗಿರಕಿ ಹೊಡೆಯಿತು, ಹಿಡಿಯಲಾಗದು ಎಂದು ಗೊತ್ತಾದ ಮೇಲೆ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ ಹಿಡಿಯಿರಿ.

ಬರುವ ಮಳೆಗಿಂತ ಹೋಗುವ ಮಳೆ ಕಷ್ಟ. ಮಳೆ ನಿಂತು ಬಿಸಿಲು ಬಿದ್ದಾಗ ಎಲ್ಲರಿಗೂ ಹುರುಪು ಬರುತ್ತದೆ, ಅಪಾಯ ಶುರುವಾಗುವುದೂ ಆಗಲೇ. ಕಾರುಗಳು ಓಡಿ ಓಡಿ ನೀರನ್ನು ತಳ್ಳಿದ ಜಾಗ ಮೊದಲು ಒಣಗುತ್ತದೆ. ಒಂದು ಕಾರಿನ ಅಗಲದ ಒಣ ಪಟ್ಟಿ, ಅದರ ಎರಡೂ ಬದಿ ನೀರು. ಇಲ್ಲಿಯವರೆಗೆ ದೂರವಿಟ್ಟಿದ್ದ ರೇಸಿಂಗ್ ಲೈನ್ ಈಗ ಮತ್ತೆ ಬೇಕಾಗುತ್ತದೆ, ಆದರೆ ಎಲ್ಲಾ ತಿರುವಿನಲ್ಲೂ ಒಂದೇ ಸುತ್ತಿನಲ್ಲಲ್ಲ. ಗಾಳಿಗೆ, ಬಿಸಿಲಿಗೆ ತೆರೆದುಕೊಂಡ ತಿರುವು ಮೊದಲು ಮರಳುತ್ತದೆ, ತಗ್ಗಿನ ತಿರುವು ಕೊನೆಗೆ. ಘಾಟಿಯಲ್ಲಿ ಪಳಗಿದ ಕಣ್ಣು ದುಡಿಯುವುದು ಇಲ್ಲಿ. ಸಿಲ್ವರ್ ಓಕ್ ನೆರಳಿನ ತಿರುವು ಮಳೆ ನಿಂತು ಎರಡು ಗಂಟೆಯಾದರೂ ತೊಟ್ಟಿಕ್ಕುತ್ತಿರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಳೆಯುವ ಕಪ್ಪು ಎಂದರೆ ನೀರು, ಮಂಕಾದ ಕಪ್ಪು ಎಂದರೆ ತೇವ, ಬೂದು ಎಂದರೆ ಒಣ. ಮುಂದಿನ ಕಾರಿನ ಚಕ್ರದಿಂದ ಏಳುವ ತುಂತುರು ಎಲ್ಲಿ ನಿಂತಿತು, ಎಲ್ಲಿ ಮತ್ತೆ ಎದ್ದಿತು ನೋಡುತ್ತಿರಿ.

ಈ ಹಂತದಲ್ಲಿ ಹಿಂದಿನಿಂದ ವೇಗದ ಕಾರು ಬಂದರೆ, ದಾರಿ ಬಿಡುವವರು ಒಣ ಪಟ್ಟಿಯಿಂದ ಇಳಿಯಬೇಕಾಗುತ್ತದೆ. ಸ್ಟ್ರೈಟ್‌ನಲ್ಲೇ ಕೈ ತೋರಿಸಿ ಬಿಡಿ, ಬ್ರೇಕ್ ಜಾಗಕ್ಕೆ ಬರುವ ಮುಂಚೆ ನಾಲ್ಕೂ ಚಕ್ರ ಒಂದೇ ಬಗೆಯ ನೆಲದ ಮೇಲಿರಲಿ. ಎಡಗಡೆ ಎರಡು ಚಕ್ರ ನೀರಿನಲ್ಲಿ, ಬಲಗಡೆ ಎರಡು ಒಣಗಿದ್ದರಲ್ಲಿ ಇದ್ದು ಎಬಿಎಸ್ ಇಲ್ಲದ ಕಾರಿನಲ್ಲಿ ಬ್ರೇಕ್ ಒತ್ತಿದರೆ ಕಾರು ಒಣ ಬದಿಗೆ ಎಳೆದು ತಿರುಗುತ್ತದೆ. ಎಷ್ಟೇ ಅನುಭವವಿದ್ದರೂ ಸಾವಿರ ಕೆ.ಜಿ.ಯ ಕಾರನ್ನು ಆಗ ಹಿಡಿಯುವುದು ಅದೃಷ್ಟದ ಮಾತು. ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಗಳ ನಡುವೆ ಬ್ರೇಕ್ ಬಲದ ಹಂಚಿಕೆ) ಹೊಂದಿಸುವ ವಾಲ್ವ್ ಹಾಕಿಸಿದ್ದರೆ ಇನ್ನೊಂದು ಎಚ್ಚರಿಕೆ. ಒದ್ದೆಯಲ್ಲಿ ತೂಕ ಮುಂದಕ್ಕೆ ಕಡಿಮೆ ಹೋಗುವುದರಿಂದ ಬಯಾಸನ್ನು ಸ್ವಲ್ಪ ಹಿಂದಕ್ಕೆ ತರುವುದುಂಟು. ಒಣಗುತ್ತಾ ಬಂದಾಗ ಅದನ್ನು ಮರಳಿ ಮುಂದಕ್ಕೆ ತಿರುಗಿಸಲು ಮರೆತರೆ ಮೊದಲ ಗಟ್ಟಿ ಬ್ರೇಕಿಗೇ ಹಿಂದಿನ ಚಕ್ರ ಲಾಕ್. ಸ್ಟೇರಿಂಗ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಬರೆದಿಟ್ಟುಕೊಳ್ಳಿ. ಡ್ಯಾಂಪರ್‌ಗಳು (ಶಾಕ್ ಅಬ್ಸಾರ್ಬರ್) ಅಡ್ಜಸ್ಟ್ ಆಗುವಂಥವಾದರೆ ಮಳೆಗೆ ಎರಡು ಕ್ಲಿಕ್ ಮೆತ್ತಗೆ ಮಾಡಿ. ಅದಕ್ಕಿಂತ ಹೆಚ್ಚಿನ ಸೆಟಪ್ ಒಂದು ದಿನದ ಟ್ರ್ಯಾಕ್ ಡೇಗೆ ವ್ಯರ್ಥ ಶ್ರಮ.

ಸಣ್ಣ ಸಂಗತಿಗಳು ಸಣ್ಣವಲ್ಲ. ಪಿಟ್‌ನ ಕೆಸರಿನಲ್ಲಿ ನಡೆದ ಬೂಟಿನಲ್ಲಿ ಕಾರು ಹತ್ತಿದರೆ ಬ್ರೇಕಿನಿಂದ ಕಾಲು ಜಾರಿ ಆಕ್ಸಿಲರೇಟರ್ ಮೇಲೆ ಬೀಳುತ್ತದೆ. ಎರಡನೆಯ ಜೊತೆ ಶೂ, ಒಣ ಬಟ್ಟೆ ಇರಲಿ. ಚಪ್ಪಲಿಯಲ್ಲಿ ಕಾರಿನವರೆಗೆ ಹೋಗಿ, ಕೂತ ಮೇಲೆ ಶೂ ಹಾಕಿಕೊಳ್ಳಿ. ಎಂಎಕ್ಸ್-5ರ ಕ್ಯಾಬಿನ್ ಇಷ್ಟೇ ಇಷ್ಟು; ಒದ್ದೆ ಬಟ್ಟೆಯ ಒಬ್ಬರು ಕೂತರೂ ಎರಡು ನಿಮಿಷದಲ್ಲಿ ಗಾಜು ಮಂಜಾಗುತ್ತದೆ. ಹೊರಡುವ ಮುಂಚೆ ಬ್ಲೋವರ್ ಗಾಜಿಗೆ ತಿರುಗಿಸಿ, ಎಸಿ ಇದ್ದರೆ ಹಾಕಿ, ಕಿಟಕಿ ಸ್ವಲ್ಪ ಇಳಿಸಿ. ಲೈಟ್ ಹಾಕಿ; ತುಂತುರಿನ ಹಿಂದೆ ಇಷ್ಟು ತಗ್ಗಿನ ಕಾರು ದೊಡ್ಡ ಎಸ್‌ಯುವಿಯವನ ಕಣ್ಣಿಗೆ ಬೀಳುವುದೇ ಇಲ್ಲ. ರೇಸ್ ಬ್ರೇಕ್ ಪ್ಯಾಡ್ ಹಾಕಿದ್ದರೆ ಅವು ಒದ್ದೆಯಲ್ಲಿ ತಣ್ಣಗಾಗಿ ಮೊದಲ ಕ್ಷಣ ಕಚ್ಚುವುದಿಲ್ಲ. ತಿರುವಿಗೆ ಮುಂಚೆ ಎಡಗಾಲಲ್ಲಿ ಒಂದಿಷ್ಟು ಸವರಿ ಡಿಸ್ಕಿನ ನೀರು ಒರೆಸಿಕೊಳ್ಳಬೇಕು. ಹಳದಿ–ಕೆಂಪು ನೇರ ಪಟ್ಟೆಗಳ ಬಾವುಟ ಕಂಡರೆ ಮುಂದೆ ನೆಲ ಜಾರುತ್ತದೆ ಎಂದರ್ಥ, ಅದು ಮಳೆನೀರಿರಬಹುದು, ಯಾರದೋ ಎಂಜಿನ್ ಎಣ್ಣೆ ಇರಬಹುದು, ಹುಲ್ಲಿಗೆ ಹೋಗಿ ಬಂದವನು ಎಳೆದು ತಂದ ಕೆಸರಿರಬಹುದು. ನೀವೇ ಹುಲ್ಲಿಗೆ ಹೋದರೆ ತಕ್ಷಣ ಎಳೆದು ಮೇಲೆ ಬರುವ ಹಟ ಬೇಡ. ಒದ್ದೆ ಹುಲ್ಲಿನಲ್ಲಿ ಗ್ರಿಪ್ ಇಲ್ಲವೇ ಇಲ್ಲ, ನೇರ ಹೋಗಿ ನಿಂತು ಮಾರ್ಷಲ್ ಕೈ ಮಾಡಿದ ಮೇಲೆ ಬನ್ನಿ. ಹಾಗೆಯೇ, ನಮ್ಮ ಸಾಮಾನ್ಯ ವಾಹನ ವಿಮೆಗಳು ರೇಸ್, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತವೆ. ಟ್ರ್ಯಾಕ್‌ನಲ್ಲಿ ಆದ ಜಖಂ ನಿಮ್ಮ ಜೇಬಿನದ್ದೇ ಎಂದುಕೊಂಡು ವೇಗ ನಿರ್ಧರಿಸಿ.

ಇನ್ನು ಹಾಸನಕ್ಕೆ ವಾಪಸ್ಸು. ಸುಮಾರು 500 ಕಿ.ಮೀ., ಬಹುಶಃ ರಾತ್ರಿ, ಬಹುಶಃ ಮಳೆ, ಮೈ ದಣಿದಿರುತ್ತದೆ. ಸೆಮಿ-ಸ್ಲಿಕ್ ಒಯ್ಯಲೇಬೇಕೆಂದು ನಿಮಗೆ ಹಟವಿದ್ದರೆ ಅವನ್ನು ಬೇರೆ ಗಾಡಿಯಲ್ಲಿ ಒಯ್ಯಿರಿ. ಹಾಸನದಲ್ಲಿ ಶುಂಠಿ, ಆಲೂಗಡ್ಡೆ ಹೊರುವ ಪಿಕಪ್‌ಗೆ ಬರವೇ? ಹೆದ್ದಾರಿಯಲ್ಲಿ ಮಾತ್ರ ಅವುಗಳ ಮೇಲೆ ಬರಬೇಡಿ. ಹೊರಡುವ ಮುಂಚೆ ಟಯರ್ ತಣಿದ ಮೇಲೆ ಗಾಳಿಯನ್ನು ರಸ್ತೆಯ ಲೆಕ್ಕಕ್ಕೆ ತನ್ನಿ, ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿಯಿರಿ, ಬ್ರೇಕ್ ಆಯಿಲ್ ಮಟ್ಟ ನೋಡಿ, ಟೇಪಿನ ಮೇಲೆ ಬರೆದ ಬಯಾಸ್ ಮುಂದಕ್ಕೆ ಬಂದಿದೆಯೇ ನೋಡಿಕೊಳ್ಳಿ. ಆಯಾಸ ಹೆಚ್ಚಿದ್ದರೆ ಆ ರಾತ್ರಿ ಅಲ್ಲೇ ಶ್ರೀಪೆರಂಬದೂರಿನಲ್ಲಿ ರೂಮು ಮಾಡಿ, ಬೆಳಿಗ್ಗೆ ಹೊರಡಿ.